‘ಪ್ರತಿಷ್ಠಾಪನಾ ಕಲೆ’ ಎಂಬ ಪದ ಸರಿಯೇ? ‘ಕೂಡಿಸು’ ಬಳಸಬಹುದೇ?

ಕಳೆದ ತಿಂಗಳು ಕೊಪ್ಪಳದಲ್ಲಿ ನಡೆದ ಒಂದು ಸಣ್ಣ ಕಲಾಪ್ರದರ್ಶನಕ್ಕೆ ಕನ್ನಡದಲ್ಲಿ ಚೀಟಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೈಲವರ್ಣ, ಜಲವರ್ಣ, ಮರದ ಕೆತ್ತನೆ ಎಲ್ಲವೂ ಸಲೀಸಾಗಿ ಮುಗಿದವು. ಎಡವಿದ್ದು ಒಂದೇ ಕಡೆ. ಗಂಗಾವತಿಯ ಕಲಾವಿದ್ಯಾರ್ಥಿಯೊಬ್ಬ ಅಕ್ಕಿ ಗಿರಣಿಯ ಹಳೆಯ ಗೋಣಿಚೀಲಗಳ ಹೊಲಿಗೆ ಬಿಚ್ಚಿ, ಅವನ್ನು ಸೂರಿನಿಂದ ಇಳಿಬಿಟ್ಟಿದ್ದ. ನೆಲಕ್ಕೆ ಪಾದ ಮುಳುಗುವಷ್ಟು ಭತ್ತದ ಹೊಟ್ಟು, ನಡುವೆ ಒಂದೇ ಬಲ್ಬು. ಇಂಥದ್ದಕ್ಕೆ ಇಂಗ್ಲಿಷಿನವರು ಇನ್‌ಸ್ಟಲೇಶನ್ ಎನ್ನುತ್ತಾರೆ. ನಾನು ರೂಢಿಯಂತೆ ‘ಪ್ರತಿಷ್ಠಾಪನಾ ಕಲೆ’ ಎಂದು ಬರೆದು ಅಂಟಿಸಿದೆ.

ಮೊದಲ ದಿನವೇ ಕಿನ್ನಾಳದ ಹಿರಿಯ ಚಿತ್ರಗಾರರೊಬ್ಬರು ಬಂದರು. ಚೀಟಿ ಓದಿ, ಚಪ್ಪಲಿ ಬಿಡಬೇಕೇ ಎಂದು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ಊರೂರಿಗೆ ಗ್ರಾಮದೇವತೆಯ ಮರದ ಮೂರ್ತಿ ಮಾಡಿಕೊಡುವ ಮನೆತನ ಅವರದು. ತಮ್ಮ ಕೈಯಲ್ಲಿರುವವರೆಗೆ ಅದು ಮರ ಮತ್ತು ಬಣ್ಣ, ಪ್ರತಿಷ್ಠಾಪನೆಯಾದ ಮೇಲೆ ದ್ಯಾಮವ್ವ. ಆ ಗೆರೆ ಅವರಿಗೆ ಚೆನ್ನಾಗಿ ಗೊತ್ತು. ಇಳಿಬಿಟ್ಟ ಗೋಣಿಯ ಅಂಚನ್ನು ಬೆರಳಲ್ಲಿ ಹೊಸಕಿ ನೋಡಿ, ‘ಇದನ್ನೇ ನೆನೆಹಾಕಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ನಮ್ಮ ಕಿಟ್ಟ’ ಎಂದರು. ಕಿಟ್ಟವೆಂದರೆ ಮೂರ್ತಿ ಮಾಡುವಾಗ ಅವರು ಬಳಸುವ ಮೆತ್ತೆ. ಕಲಾಕೃತಿ ಅವರಿಗೆ ಹಿಡಿಸಿತು. ಚೀಟಿ ಹಿಡಿಸಲಿಲ್ಲ.

ಅವರ ತಕರಾರು ನನಗೂ ಅಂಟಿಕೊಂಡಿದೆ. ‘ಸ್ಥಾ’ ಎಂದರೆ ನಿಲ್ಲು. ಪ್ರತಿಷ್ಠಾಪಿಸುವುದೆಂದರೆ ಅಲುಗದಂತೆ ನಿಲ್ಲಿಸುವುದು. ಈ ಬಗೆಯ ಕಲೆಯಾದರೋ ಬಿಚ್ಚುವುದಕ್ಕೆಂದೇ ಕಟ್ಟಿದ್ದು. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು 1998ರ ಹೊತ್ತಿಗೆ ನೂರಾರು ಮೀಟರ್ ದಾರವನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಮತ್ತು ಗೋಂದು ಬಳಿದು ಕೆಂಪು ಹಗ್ಗವಾಗಿಸಿದ ಕೃತಿಯನ್ನೇ ನೋಡಿ. ಅದು ಒಂದು ಕಡೆ ಗೋಡೆಯ ಮೇಲೆ ಇಳಿಬೀಳುತ್ತದೆ, ಇನ್ನೊಂದು ಕಡೆ ನೆಲದಲ್ಲಿ ಸುತ್ತಿಕೊಳ್ಳುತ್ತದೆ. ಕೋಣೆ ಬದಲಾದರೆ ಕೃತಿಯ ಆಕಾರವೂ ಬದಲಾಗುತ್ತದೆ. ಇದಕ್ಕೆ ಪ್ರತಿಷ್ಠೆ ಎಲ್ಲಿಂದ ಬರಬೇಕು?

ಬೇರೆ ಪದಗಳಿಲ್ಲವೆಂದಲ್ಲ. ‘ಅಳವಡಿಕೆ’ ಕಂಪ್ಯೂಟರಿನವರ ಪಾಲಾಗಿದೆ. ‘ಸ್ಥಾಪನೆ’ ಎಂದರೆ ಸಂಘ ನೆನಪಾಗುತ್ತದೆ. ‘ಬಿಡಾರ ಹೂಡು’ ಎಂಬಲ್ಲಿನ ‘ಹೂಡು’ ಬಹಳ ಒಳ್ಳೆಯ ಧಾತು, ಆದರೆ ‘ಹೂಡಿಕೆ’ ಎಂದೊಡನೆ ಬ್ಯಾಂಕಿನವರು ಎದುರು ಬಂದು ನಿಲ್ಲುತ್ತಾರೆ.

ಹಾಗಿದ್ದರೆ ನಮ್ಮ ಕಡೆಯ ಮಾತಿನಲ್ಲಿ ಏನಿದೆ? ಚೌತಿಗೆ ನಾವು ಗಣಪತಿಯನ್ನು ಕೂಡಿಸುತ್ತೇವೆ. ಆಮಂತ್ರಣ ಪತ್ರಿಕೆಯಲ್ಲಿ ‘ಪ್ರತಿಷ್ಠಾಪನೆ’ ಎಂದು ಅಚ್ಚಾದರೂ ಓಣಿಯ ಹುಡುಗರು ಚಂದಾ ಕೇಳುವುದು ‘ಗಣಪತಿ ಕೂಡಿಸಲು’. ಮೊಹರಮ್ಮಿಗೆ ಅಲಾಯಿ ದೇವರನ್ನೂ, ಅಂದರೆ ಪಂಜಾಗಳನ್ನೂ, ಕೂಡಿಸುತ್ತೇವೆ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಎರಡರಲ್ಲಿಯೂ ಮಂಟಪವಿದೆ, ಬಟ್ಟೆ, ಬೆಳಕು, ಹೂವು ಇವೆ, ಒಳಗೆ ಹೋಗಿ ನಿಲ್ಲುವ ಜನರಿದ್ದಾರೆ, ಕೊನೆಗೆ ಕಳಿಸುವ ದಿನವೂ ಇದೆ. ಇನ್ನೊಂದು ಅನುಕೂಲ: ‘ಕೂಡಿಸು’ ಎಂದರೆ ಕುಳ್ಳಿರಿಸುವುದೂ ಹೌದು, ಬಿಡಿಬಿಡಿಯಾದವನ್ನು ಒಟ್ಟುಗೂಡಿಸುವುದೂ ಹೌದು. ಗೋಣಿ, ಹೊಟ್ಟು, ಬಲ್ಬು ಕೂಡಿಸಿದರೆ ಏನಾಯಿತು ಎಂಬುದೇ ಅಲ್ಲವೇ ಅಲ್ಲಿನ ಲೆಕ್ಕ!

ಕುತೂಹಲಕ್ಕೆ ಇಂಗ್ಲಿಷ್ ಪದದ ಬೇರು ಹುಡುಕಿದೆ. ಮಧ್ಯಕಾಲದ ಲ್ಯಾಟಿನ್ನಿನ ‘ಇನ್‌ಸ್ಟಲಾರೆ’ಯಿಂದ ಬಂದದ್ದು, ಚರ್ಚಿನಲ್ಲಿ ಅಧಿಕಾರಕ್ಕೆ ಬಂದವರನ್ನು ಅವರಿಗೆ ಮೀಸಲಾದ ಪೀಠದಲ್ಲಿ ಕೂಡಿಸುವುದು ಎಂದರ್ಥ. ಅಂದರೆ ಮೂಲದಲ್ಲಿರುವುದು ನಿಲ್ಲಿಸುವ ಕ್ರಿಯೆಯೇ ಅಲ್ಲ, ಕೂಡಿಸುವ ಕ್ರಿಯೆ. ಸಂಸ್ಕೃತಕ್ಕೆ ಹೋಗಿ ನಾವು ಕುಳಿತವರನ್ನು ಎಬ್ಬಿಸಿ ನಿಲ್ಲಿಸಿಬಿಟ್ಟೆವು.

ಕ್ರಿಯಾಪದದ ವಿಷಯದಲ್ಲಿ ನನಗೆ ಅನುಮಾನವಿಲ್ಲ. ‘ಈ ಕೋಣೆಯಲ್ಲಿ ಕೂಡಿಸಿದವರು’ ಎಂದು ಬರೆದು ಕಲಾವಿದರ ಹೆಸರು ಹಾಕಿದರೆ ಯಾರಿಗೂ ತೊಡಕಾಗದು. ನಾಮಪದಕ್ಕೆ ಬಂದಾಗ ಕೈ ಕಟ್ಟಿಹಾಕಿದಂತಾಗುತ್ತದೆ. ‘ಕೂಡಿಕೆ’ ಸಹಜವಾಗಿ ಬರುತ್ತದೆ, ಆದರೆ ನಮ್ಮಲ್ಲಿ ಅದು ಮರುಮದುವೆಯ ಹೆಸರು. ಮನೆಯಲ್ಲಿ ಹೇಳಿ ನೋಡಿದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ‘ಕೂಡಣೆ’, ‘ಕೂಡಿಸಿಕೆ’ ಎಂದೂ ಪ್ರಯತ್ನಿಸಿದೆ. ಮೊದಲನೆಯದು ಜೋಡಣೆಯ ತಮ್ಮನಂತಿದೆ, ಎರಡನೆಯದು ನಾಲಿಗೆಯ ಮೇಲೆ ಹೊರಳುವುದಿಲ್ಲ.

ಮೈಸೂರು ಕಡೆಯವರು ಗಣಪತಿಯನ್ನು ‘ಕೂರಿಸು’ತ್ತಾರೆ. ಅವರ ಕಿವಿಗೆ ನಮ್ಮ ‘ಕೂಡಿಸು’ ಬರೀ ಸಂಕಲನದ ಲೆಕ್ಕವಾಗಿ ಕೇಳಿಸುತ್ತದೆಯೇ? ಮಂಗಳೂರು, ಶಿವಮೊಗ್ಗದ ಕಡೆ ಏನೆನ್ನುತ್ತಾರೆ? ‘ಕೂಡಿಸು’ವಿನಿಂದ ನಗು ತರಿಸದ ನಾಮಪದವೊಂದು ನಿಮ್ಮ ಊರಿನ ಮಾತಿನಲ್ಲಿದ್ದರೆ, ಅದನ್ನು ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂಬುದರ ಜೊತೆಗೆ ತಿಳಿಸಿ.