ಆಪರೇಷನ್ ಇಲ್ಲದೆ ತೂಕ ಇಳಿಸುವ ಹೊಟ್ಟೆ ಬಲೂನ್: ಹಾಕಿಸಿಕೊಂಡವರು ಇದ್ದೀರಾ?

ಮಾಲಿನಿ:
ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಬಿಎಂಐ 34. ಡಯಟ್ ಮಾಡಿದರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಅಷ್ಟೇ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತದೆ. ಶುಗರ್ ಕೂಡ ಬಾರ್ಡರ್‌ನಲ್ಲಿದೆ. ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಆರು ತಿಂಗಳಿಗೆ ಹೊಟ್ಟೆಯೊಳಗೆ ಬಲೂನ್ ಇಡುವುದು ಒಂದು. ಬಾಯಿಂದಲೇ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಬಳುಕುವ ಟ್ಯೂಬ್) ಇಳಿಸಿ, ಒಳಗೆ ಹೊಲಿಗೆ ಹಾಕಿ ಹೊಟ್ಟೆ ಚಿಕ್ಕದು ಮಾಡುವುದು ಇನ್ನೊಂದು. ಎರಡರಲ್ಲೂ ಹೊರಗೆ ಕೊಯ್ಯುವುದಿಲ್ಲವಂತೆ. ಬಲೂನ್ ಒಳಗೇ ಒಡೆದರೆ ಗತಿಯೇನು? ತೆಗೆದ ಮೇಲೆ ತೂಕ ಮತ್ತೆ ಬರುತ್ತದಾ? ರಾತ್ರಿಯೆಲ್ಲ ಇದೇ ಯೋಚನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಶೈಲಜಾ:
ಮಾಲಿನಿಯವರೇ, ನಾನು ಬಲೂನ್ ಹಾಕಿಸಿಕೊಂಡು, ತೆಗೆಸಿಯೂ ಆಗಿದೆ. ಹಾಕುವುದು ಏನೂ ಕಷ್ಟವಿಲ್ಲ, ಮಂಪರಿನಲ್ಲೇ ಮುಗಿದುಹೋಗುತ್ತದೆ. ಕಷ್ಟ ಆಮೇಲೆ. ಮೊದಲ ಮೂರ್ನಾಲ್ಕು ದಿನ ವಾಂತಿ, ಹೊಟ್ಟೆ ಹಿಂಡಿದ ಹಾಗೆ ನೋವು. ಹಾಸಿಗೆ ಪಕ್ಕದಲ್ಲೇ ಬಕೆಟ್ ಇಟ್ಟುಕೊಂಡಿದ್ದೆ. ನೀರು ಕೂಡ ಚಮಚದಲ್ಲಿ ಗುಟುಕು ಗುಟುಕಾಗಿ. ಮಗ್ಗುಲು ಬದಲಿಸಿದರೆ ಒಳಗೆ ಭಾರವಾದದ್ದೇನೋ ಸರಿದಂತೆ ಅನಿಸುತ್ತಿತ್ತು. ವಾಂತಿ ಮಾತ್ರೆ ಮೊದಲೇ ಕೈಯಲ್ಲಿರಲಿ. ಆ ದಿನಗಳಲ್ಲಿ ಮನೆಯಲ್ಲಿ ಒಬ್ಬರು ಜೊತೆಗಿರಲೇಬೇಕು. ನೀರೂ ನಿಲ್ಲುತ್ತಿಲ್ಲ ಅಂದರೆ ಸುಮ್ನೆ ತಡೆದುಕೊಳ್ಳಬೇಡಿ, ಫೋನ್ ಮಾಡಿ. ಕೆಲವರಿಗೆ ಡ್ರಿಪ್ ಹಾಕಬೇಕಾಗುತ್ತದೆ, ಇನ್ನು ಕೆಲವರಿಗೆ ಬಲೂನ್ ಬೇಗನೆ ತೆಗೆಯಬೇಕಾಗುತ್ತದೆ.

ಒಡೆಯುವ ಭಯ ನನಗೂ ಇತ್ತು. ಒಳಗೆ ತುಂಬುವ ಸಲೈನ್‌ಗೆ ಸಾಮಾನ್ಯವಾಗಿ ನೀಲಿ ಬಣ್ಣ ಬೆರೆಸಿರುತ್ತಾರೆ. ಸೋರಿದರೆ ಮೂತ್ರ ಹಸಿರು-ನೀಲಿಯಾಗುತ್ತದೆ. ಹಾಗಾದರೆ ಆವತ್ತೇ ಆಸ್ಪತ್ರೆಗೆ ಹೋಗಬೇಕು. ಕುಗ್ಗಿದ ಬಲೂನ್ ಕರುಳಿಗೆ ಜಾರಿ ಸಿಕ್ಕಿಕೊಳ್ಳಬಹುದು. ನಾನಂತೂ ಪ್ರತಿ ಸಲ ನೋಡುತ್ತಿದ್ದೆ!

ಹಸಿವು ನಿಜವಾಗಿಯೂ ಕಡಿಮೆಯಾಗುತ್ತದೆ. ಅರ್ಧ ತಟ್ಟೆಗೇ ಸಾಕು ಅನಿಸುತ್ತದೆ. ಆದರೆ ಜಾಸ್ತಿ ಇಳಿಯುವುದು ಮೊದಲ ಮೂರು ತಿಂಗಳಲ್ಲೇ, ಆಮೇಲೆ ಹೊಟ್ಟೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ನಾನು ಆ ಸಮಯದಲ್ಲೇ ನಿಧಾನವಾಗಿ ಅಗಿದು ತಿನ್ನುವುದನ್ನೂ ಸಂಜೆಯ ನಡಿಗೆಯನ್ನೂ ರೂಢಿ ಮಾಡಿಕೊಂಡೆ. ಬಲೂನ್ ತೆಗೆದ ವಾರದಲ್ಲೇ ಹಸಿವು ವಾಪಸ್ ಬಂತು. ತೂಕ ಸ್ವಲ್ಪ ಏರಿದೆ, ಪೂರ್ತಿ ಅಲ್ಲ. ತೆಗೆದ ಮೇಲೂ ಡಯಟೀಷಿಯನ್ ನೋಡುತ್ತಾರಾ ಅಂತ ಈಗಲೇ ಕೇಳಿ. ನೋಡುವುದಿಲ್ಲ ಅಂದರೆ ನಾನಾದರೆ ಬೇರೆ ಕಡೆ ಹೋಗುತ್ತೇನೆ.

ವೆಂಕಟೇಶ್:
ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್. ಹೊಲಿಗೆಯ ಬಗ್ಗೆ ಹೇಳುತ್ತೇನೆ. ಪೂರ್ತಿ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಟ್ಯೂಬ್ ತುದಿಯಲ್ಲಿ ಬಾಗಿದ ಸೂಜಿ ಇರುತ್ತದೆ. ಹೊಟ್ಟೆಯ ಗೋಡೆಗೆ ಅಲ್ಲಲ್ಲಿ ದಾರ ಹಾಯಿಸಿ ಎಳೆದರೆ, ಚೀಲದ ದಾರ ಬಿಗಿದಂತೆ ನೆರಿಗೆ ಬೀಳುತ್ತದೆ. ಸ್ಲೀವ್ ಆಪರೇಷನ್‌ನಲ್ಲಿ ಹೊಟ್ಟೆಯ ಬಹುಪಾಲು ಕತ್ತರಿಸಿ ತೆಗೆಯುತ್ತಾರೆ, ಇದರಲ್ಲಿ ಏನನ್ನೂ ತೆಗೆಯುವುದಿಲ್ಲ. 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮೆರಿಟ್ ಅಧ್ಯಯನದಲ್ಲಿ, ಹೊಲಿಗೆ ಹಾಕಿಸಿಕೊಂಡವರ ತೂಕ ಒಂದು ವರ್ಷಕ್ಕೆ ಸರಾಸರಿ ಶೇ. 13.6 ಇಳಿದಿತ್ತು. ಬರೀ ಆಹಾರ, ವ್ಯಾಯಾಮದ ಸಲಹೆ ಪಡೆದವರದ್ದು ಶೇ. 0.8 ಅಷ್ಟೇ. ಗಂಭೀರ ತೊಂದರೆ ಸುಮಾರು ಶೇ. 2 ಜನರಿಗೆ ಆಗಿತ್ತು. ಸ್ಲೀವ್ ಆಪರೇಷನ್‌ನಲ್ಲಿ ತೂಕ ಇನ್ನೂ ಜಾಸ್ತಿ ಇಳಿಯುತ್ತದೆ, ಅದೂ ತಿಳಿದಿರಲಿ.

ಕೊಯ್ಯುವುದಿಲ್ಲ ಅಂದಮಾತ್ರಕ್ಕೆ ಹಗುರವಾಗಿ ತೆಗೆದುಕೊಳ್ಳಬೇಡಿ. 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮೊದಲ ಬಲೂನ್‌ನಿಂದ ಹೊಟ್ಟೆ ಹುಣ್ಣು, ಕರುಳು ಕಟ್ಟಿಕೊಳ್ಳುವುದು ಎಲ್ಲ ಆಗಿ, ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ಈಗಿನವು ಹೆಚ್ಚಾಗಿ ನುಣುಪಾದ ಸಿಲಿಕೋನ್, ಎಷ್ಟೋ ವಾಸಿ. ಆದರೂ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು, ಅಪರೂಪಕ್ಕೆ ಹೊಟ್ಟೆ ತೂತಾಗುವುದು ಉಂಟು. ಬೆನ್ನಿಗೂ ಹರಡುವ ಜೋರು ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮೊದಲೇ ಜಠರದ ಆಪರೇಷನ್ ಆಗಿದ್ದರೆ, ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯ ಕಡೆಗೆ ಸರಿದಿರುವುದು) ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಬಲೂನ್ ಹಾಕುವುದಿಲ್ಲ.

ಮಾಲಿನಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಮಾತು. ಮಂಡಿ ನೋವಿಗೆ ಆಗಾಗ ಐಬುಪ್ರೊಫೆನ್ ನುಂಗುತ್ತೇನೆ. ಅದು ಪರವಾಗಿಲ್ಲ ಅಲ್ವಾ?

ವೆಂಕಟೇಶ್:
ಪರವಾಗಿಲ್ಲ ಅಂತ ಹೇಳಲಾರೆ. ಬಲೂನ್ ಒಳಗಿದ್ದಾಗ ಆ ಥರದ ಮಾತ್ರೆಯಿಂದ ಹುಣ್ಣಾಗಿ ರಕ್ತ ಬರುವ ಸಾಧ್ಯತೆ ಜಾಸ್ತಿ. ಅದಕ್ಕೇ ಆಸಿಡ್ ತಗ್ಗಿಸುವ ಮಾತ್ರೆಯನ್ನು ಬಲೂನ್ ಇರುವಷ್ಟೂ ದಿನ ಕೊಡುತ್ತಾರೆ, ಒಂದು ದಿನವೂ ತಪ್ಪಿಸಬಾರದು. ಮಂಡಿಗೆ ಬೇರೆ ಏನು ತೆಗೆದುಕೊಳ್ಳಬಹುದು ಅಂತ ಮೊದಲೇ ಕೇಳಿ. ಹೆಸರು ಬಾಯಲ್ಲಿ ಹೇಳುವುದಕ್ಕಿಂತ, ನೀವು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಹೋಗಿ ಡಾಕ್ಟರ ಮುಂದೆ ಇಡಿ.