ಅಪ್ಪನ ದವಡೆ ಹಲ್ಲಿಗೆ ಬ್ರಿಜ್ ಹಾಕಿಸಬೇಕಾ, ಇಂಪ್ಲಾಂಟಾ? ಗೊತ್ತಿದ್ದವರು ಹೇಳ್ರಿ

ಪ್ರಶ್ನೆ, ಸಿಂಧನೂರಿನಿಂದ:
ಅಪ್ಪಗ 61 ವರ್ಷ. ಕೆಳಗೆ ಬಲಗಡೆ ಅಕ್ಕಪಕ್ಕದ ಎರಡು ಹಲ್ಲು ಕೀಳಿಸಿ ನಾಲ್ಕು ವರ್ಷ ಆತು. ಹಿಂದಿನದು, ಮುಂದಿನದು ಗಟ್ಟಿ ಅದಾವ. ಶುಗರ್ ಐತಿ, ಗುಟ್ಕಾ ಬಿಟ್ಟಿಲ್ಲ. ಒಬ್ಬ ಡಾಕ್ಟರ್ ಬ್ರಿಜ್ (ಅಕ್ಕಪಕ್ಕದ ಹಲ್ಲಿನ ಆಧಾರದ ಮೇಲೆ ಕೂರಿಸೋ ಕಟ್ಟು ಹಲ್ಲು) ಅಂತಾರ, ಇನ್ನೊಬ್ಬರು ಇಂಪ್ಲಾಂಟ್ (ಎಲುಬಿನೊಳಗೆ ಸ್ಕ್ರೂ ಇಳಿಸಿ ಅದರ ಮೇಲೆ ಹಾಕೋ ಹಲ್ಲು) ಅಂತಾರ. ಏನೇನು ಕೇಳಬೇಕ್ರಿ?

ರಾಯಚೂರಿನಿಂದ:
ಮೊದಲು ಎಲುಬು ಎಷ್ಟು ಉಳಿದೈತಿ ನೋಡ್ರಿ. ಹಲ್ಲು ಕಿತ್ತ ಜಾಗದಲ್ಲಿ ಎಲುಬು ಮೊದಲು ಅಗಲದಲ್ಲೇ ಕರಗುತ್ತದೆ. ಇಡೀ ದವಡೆ ತೋರಿಸುವ ಓಪಿಜಿ ಎಕ್ಸ್‌ರೇಯಲ್ಲಿ ಆ ಅಗಲ ಕಾಣುವುದಿಲ್ಲ, ಎಲ್ಲಾ ಕಡೆಯಿಂದ ತೋರಿಸುವ ಸಿಬಿಸಿಟಿ (3ಡಿ) ಸ್ಕ್ಯಾನೇ ಬೇಕು. 4 ಮಿ.ಮೀ. ದಪ್ಪದ ಸ್ಕ್ರೂ ಇಳಿಸಬೇಕಾದರೆ ಸುಮಾರು 7 ಮಿ.ಮೀ. ಅಗಲದ ಎಲುಬು ಇರಬೇಕು. ಎಲುಬಿನ ಹೊರಗಡೆ ಗೋಡೆ ತೆಳುವಾಗಿ ಉಳಿದರೆ ಅದು ಕರಗಿ, ವಸಡು ಇಳಿದು, ಸ್ಕ್ರೂ ಎಳೆ ಕಾಣತೊಡಗುತ್ತದೆ. ಪಕ್ಕದ ಹಲ್ಲಿನಿಂದ 1.5 ಮಿ.ಮೀ., ಎರಡು ಇಂಪ್ಲಾಂಟ್ ನಡುವೆ 3 ಮಿ.ಮೀ. ಬಿಡಬೇಕು. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಐತಿ, ಅದಕ್ಕೂ ಸ್ಕ್ರೂ ತುದಿಗೂ ನಡುವೆ 2 ಮಿ.ಮೀ. ಅಂತರ ಇರಲೇಬೇಕು. ಈ ಅಳತೆಗಳನ್ನು ಸ್ಕ್ಯಾನ್ ಪರದೆಯ ಮೇಲೇ ತೋರಿಸಿ ಅನ್ರಿ. ತೋರಿಸದವರ ಹತ್ತಿರ ಮಾಡಿಸಬ್ಯಾಡ್ರಿ.

ಬ್ರಿಜ್ ಬ್ಯಾಡ ಅನ್ನಲ್ಲ. ಆದರೆ ಅದಕ್ಕೆ ಎರಡು ಗಟ್ಟಿ ಹಲ್ಲನ್ನು ಸುತ್ತಲೂ ಅರೆಯಬೇಕು. ಅವಕ್ಕೆ ಮೊದಲೇ ಕ್ಯಾಪ್ ಇದ್ದರೆ ಬ್ರಿಜ್ಜೇ ಸರಿ ಇರ್ತಿತ್ತು.

ಕುಷ್ಟಗಿಯಿಂದ:
ಗುಟ್ಕಾ ವಿಷಯ ಯಾರೂ ಕೇಳಲಿಲ್ಲಲ್ರಿ. ಅಪ್ಪಾರ ಬಾಯಿ ಎಷ್ಟು ತೆರೀತೈತಿ? ಅವರದೇ ಮೂರು ಬೆರಳು ನಿಲ್ಲಿಸಿ ಹಿಡಿದು ಬಾಯಿಗೆ ಇಟ್ಟು ನೋಡ್ರಿ. ಹಿಡಿಸದಿದ್ದರೆ ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದಿರಬಹುದು; ಹಿಂದಿನ ಹಲ್ಲಿನ ಜಾಗಕ್ಕೆ ಡ್ರಿಲ್ ನೆಟ್ಟಗೆ ನಿಲ್ಲಲ್ಲ. ಆಗ ಮೊದಲು ಬಾಯಿ ತೋರಿಸಬೇಕು, ಇಂಪ್ಲಾಂಟ್ ಆಮೇಲೆ. ತಂಬಾಕು ಮುಂದುವರಿದರೆ ಎಲುಬು ಸ್ಕ್ರೂ ಹಿಡಿಯುವುದೂ ಕಷ್ಟ.

ಗಂಗಾವತಿಯಿಂದ:
ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7ರ ಆಸುಪಾಸಿಗೆ ತಂದ ಮೇಲೇ ದಿನ ಗೊತ್ತು ಮಾಡ್ರಿ. ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ತಾವಾಗಿ ನಿಲ್ಲಿಸಬ್ಯಾಡ್ರಿ, ಕೊಟ್ಟ ಡಾಕ್ಟರನ್ನೇ ಕೇಳ್ರಿ. ಎಲುಬು ಸವೆತಕ್ಕೆ ಅಲೆಂಡ್ರೋನೇಟ್ ಅಥವಾ ಜೊಲೆಡ್ರೋನಿಕ್ ತಗೊಂಡಿದ್ದರೆ ಮೊದಲೇ ಹೇಳಬೇಕು.

ಮಾಡಿಸಿದ ದಿನ ಜೋರಾಗಿ ಉಗುಳಬಾರದು, ಬಾಯಿ ಮುಕ್ಕಳಿಸಬಾರದು. ಮೊದಲ ವಾರ ಗಂಜಿ, ಮೆತ್ತನ್ನ ಅನ್ನ. ಕಟಕ್ ರೊಟ್ಟಿ, ಹುರಿದ ಶೇಂಗಾ ಬ್ಯಾಡ. ಮುಖ್ಯ ಏನಂದ್ರ, ಅರಿವಳಿಕೆ ಇಳಿದ ಮೇಲೂ ಕೆಳತುಟಿ ಜೋಮು ಹಿಡಿದಂಗೇ ಇದ್ದರೆ ನಾಳೆ ನೋಡೋಣ ಅನ್ನಬ್ಯಾಡ್ರಿ, ಆವತ್ತೇ ಫೋನ್ ಮಾಡ್ರಿ. ಸ್ಕ್ರೂ ನರ ಒತ್ತುತ್ತಿದ್ದರೆ ತಡ ಮಾಡದೆ ಅದನ್ನು ಮೇಲೆತ್ತಬೇಕು, ಇಲ್ಲವೇ ತೆಗೆಯಬೇಕು.

ಪ್ರಶ್ನೆ ಕೇಳಿದವರು:
ಕ್ಯಾಪ್ ಅವತ್ತೇ ಹಾಕ್ತಾರೇನ್ರಿ?

ಬಳ್ಳಾರಿಯಿಂದ:
ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು, ಮೇಲಿನದಕ್ಕೆ ಇನ್ನೂ ಹೆಚ್ಚು. ಟೈಟಾನಿಯಂಗೆ ಎಲುಬು ಕಚ್ಚಿಕೊಳ್ಳಲು ಅಷ್ಟು ಸಮಯ ಬೇಕು. ಶುಗರ್ ಇದ್ದವರಿಗೆ ಅವಸರ ಬ್ಯಾಡ.

ಕ್ಯಾಪ್ ಅಂಟಿಸುವುದಕ್ಕಿಂತ ಸ್ಕ್ರೂ ಹಾಕಿ ಬಿಗಿಯುವುದನ್ನು ಕೇಳ್ರಿ. ಸಿಮೆಂಟು ವಸಡಿನೊಳಗೆ ಉಳಿದರೆ ಅಲ್ಲೇ ಕೀವು ಶುರುವಾಗುತ್ತದೆ. ಸ್ಕ್ರೂ ಆದರೆ ಬಿಚ್ಚಿ ತೊಳೆದು ಮತ್ತೆ ಹಾಕಬಹುದು. ಕೈ ಅಂದಾಜಿಗೆ ಬಿಗಿಯಬಾರದು. ಕಂಪನಿ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಅಳತೆಯ ರೆಂಚಿನಿಂದಲೇ ಬಿಗಿಯಬೇಕು, ಇಲ್ಲದಿದ್ದರೆ ಸಡಿಲಾಗುತ್ತದೆ. ಕ್ಯಾಪ್ ಅಲ್ಲಾಡಿದರೆ ಗಾಬರಿ ಬ್ಯಾಡ, ಬಹಳ ಸಲ ಒಳಗಿನ ಸಣ್ಣ ಸ್ಕ್ರೂ ಸಡಿಲಾಗಿರುತ್ತದೆ. ಎಲುಬಿನೊಳಗಿನ ಇಂಪ್ಲಾಂಟೇ ಅಲ್ಲಾಡಿದರೆ ಅದನ್ನು ತೆಗೆಯಲೇಬೇಕು.

ನಮ್ಮ ಕಡೆ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣದಂಥ ಮಚ್ಚೆ ಇರುತ್ತವೆ. ಬರೀ ಬಿಳಿ ಕ್ಯಾಪ್ ಬಂದರೆ ಎದ್ದು ಕಾಣುತ್ತದೆ. ಹಗಲು ಬೆಳಕಿನಲ್ಲಿ ಬಣ್ಣದ ಪಟ್ಟಿ ಪಕ್ಕಕ್ಕಿಟ್ಟು ತೆಗೆದ ಫೋಟೊ ಲ್ಯಾಬಿಗೆ ಹೋಗಬೇಕು.

ಇನ್ನೊಂದು. ಇಂಪ್ಲಾಂಟಿನ ಡಬ್ಬಿಯಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕರ್ ಬರುತ್ತದೆ. ಒಂದನ್ನು ನಿಮ್ಮ ಫೈಲಿಗೆ ಅಂಟಿಸಿಕೊಳ್ರಿ. ಮುಂದೆ ಬೇರೆ ಊರಿನ ಡಾಕ್ಟರ್ ಬಿಚ್ಚಬೇಕಾದರೆ ಯಾವ ಕಂಪನಿಯ ಡ್ರೈವರ್ ಬೇಕೆಂದು ಅದನ್ನು ನೋಡಿಯೇ ಗೊತ್ತಾಗುವುದು.