ಸೆಷನ್ ನಡುವೆ ಕ್ಲೈಂಟ್ ಗಾಬರಿಯಾದರೆ ಏನು ಮಾಡ್ತೀರಿ?

ಹಾಸನದ ಕೌನ್ಸೆಲರ್:
ಡಿಗ್ರಿ ಕಾಲೇಜಿನಲ್ಲಿ ಕೌನ್ಸೆಲಿಂಗ್ ಮಾಡುತ್ತೇನೆ. ಮನೆಯ ವಿಷಯ ಬಂದರೆ ಸಾಕು, ಕೆಲವು ಹುಡುಗಿಯರಿಗೆ ಏದುಸಿರು ಬರುತ್ತದೆ, ಬೆರಳು ಜುಮ್ಮೆನ್ನುತ್ತದೆ, ಮಾತೇ ನಿಂತುಹೋಗುತ್ತದೆ. ‘ಕಣ್ಣು ಮುಚ್ಚಿ, ಜೋರಾಗಿ ಉಸಿರೆಳೆದುಕೊಳ್ಳಿ’ ಎಂದರೆ ಇನ್ನೂ ಜಾಸ್ತಿಯಾಗುತ್ತದೆ. ಪಕ್ಕದಲ್ಲೇ ಸ್ಟಾಫ್ ರೂಮ್, ನಡುವೆ ಬರೀ ಪ್ಲೈವುಡ್. ನೀವೆಲ್ಲ ಏನು ಮಾಡ್ತೀರಿ?

ಧಾರವಾಡದ ಥೆರಪಿಸ್ಟ್:
ಮೇಡಂ, ಮೊದಲು ಆಸ್ತಮಾ ಇದೆಯಾ ಕೇಳಿ. ಇಲ್ಲದಿದ್ದರೆ ಆ ಜುಮ್ಮೆನ್ನುವುದು ಸಾಮಾನ್ಯವಾಗಿ ಉಸಿರಾಟ ಜಾಸ್ತಿಯಾಗಿಯೇ ಬರುವುದು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದಿರುತ್ತದೆ. ಆಗ ಇನ್ನೂ ಎಳೆದುಕೋ ಅಂದರೆ ಹೇಗೆ? ಉಸಿರು ಬಿಡುವುದನ್ನು ನಿಧಾನ ಮಾಡಿಸಿ. ‘ಚಹಾ ಆರಿಸಿದಂಗ ಸಾವಕಾಶ ಊದವಾ’ ಅಂತ ಹೇಳಿ ನಾನೂ ಜೊತೆಗೆ ಊದುತ್ತೇನೆ. ನೋಡಿದವರಿಗೆ ನಗು ಬರಬಹುದು, ಬರಲಿ.

ಕಣ್ಣಂತೂ ಮುಚ್ಚಿಸಬೇಡಿ. ಪೆಟ್ಟು ತಿಂದು ಬೆಳೆದವರಿಗೆ ಕಣ್ಣು ಮುಚ್ಚಿದರೆ ಅದೇ ಮನೆ ಎದುರಿಗೆ ಬಂದು ನಿಲ್ಲಬಹುದು. ಪಾದ ನೆಲಕ್ಕೆ ಒತ್ತಲಿ, ಕಿಟಕಿಯಾಚೆ ನೋಡಲಿ. ಸುತ್ತಲಿನ ಐದು ವಸ್ತು ನೋಡಿ ಹೇಳು, ನಾಲ್ಕು ಮುಟ್ಟಿ ಹೇಳು ಅಂತ 5-4-3-2-1 ಕಲಿಸಿರ್ತಾರಲ್ಲ, ಅದು ಒಳ್ಳೆಯದೇ. ಆದರೆ ಮಾತೇ ಹೊರಡದವರ ಹತ್ತಿರ ಲೆಕ್ಕ ಕೇಳಬೇಡಿ. ಕೈಗೊಂದು ತಣ್ಣೀರಿನ ಲೋಟ ಕೊಡಿ.

ಇದನ್ನೆಲ್ಲ ಆರಾಮಾಗಿ ಇರುವಾಗಲೇ ರೂಢಿ ಮಾಡಿಸಬೇಕು. ಗಾಬರಿಯ ಹೊತ್ತಿಗೆ ಹೊಸ ಪಾಠ ತಲೆಗೆ ಹೋಗುವುದಿಲ್ಲ. ಇನ್ನು, ಬರೀ ಅಳು ಆದರೆ ಅಳಲಿ ಬಿಡಿ. ಸ್ಟಾಫ್ ರೂಮಿಗೆ ಕೇಳಿಸುತ್ತದೆ ಅಂತ ಸುಮ್ಮನಾಗಿಸುವುದು ನಮ್ಮ ಸಮಾಧಾನಕ್ಕೆ, ಅವಳದ್ದಕ್ಕಲ್ಲ. ಬೇರೆ ರೂಮ್ ಕೇಳಿ.

ಮೈಸೂರಿನಿಂದ:
ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಶಾ ಲೈನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಚಿಕಿತ್ಸೆಯಲ್ಲಿ ಉಸಿರು ಹಿಡಿದು ಮುಖವನ್ನು ತಣ್ಣೀರಲ್ಲಿ ಅದ್ದುವ ಉಪಾಯವಿದೆ. ಎದೆಬಡಿತ ಬೇಗ ಇಳಿಯುತ್ತದೆ. ಕಾಲೇಜಿನಲ್ಲಿ ಬೇಸಿನ್ ಎಲ್ಲಿಂದ ತರೋಣ, ಒದ್ದೆ ಕರ್ಚೀಫನ್ನು ಕಣ್ಣು, ಕೆನ್ನೆ ಮೇಲೆ ಇಟ್ಟುಕೊಳ್ಳಲು ಹೇಳುತ್ತೇನೆ. ಹೃದಯದ ತೊಂದರೆ ಇರುವವರಿಗೆ, ಊಟ ಬಿಟ್ಟು ಸೊರಗಿದವರಿಗೆ ಡಾಕ್ಟರನ್ನು ಕೇಳದೆ ಇದು ಬೇಡ.

ಹಾಸನದ ಕೌನ್ಸೆಲರ್:
ಥ್ಯಾಂಕ್ಸ್ ಇಬ್ಬರಿಗೂ. ಬೆಲ್ ಆದ ಕೂಡಲೇ ಅವರು ಕ್ಲಾಸಿಗೆ ಹೋಗಬೇಕು, ಅದಕ್ಕೇನು ಮಾಡೋದು ಸರ್?

ಧಾರವಾಡದ ಥೆರಪಿಸ್ಟ್:
ಕೊನೆಯ ಹತ್ತು ನಿಮಿಷ ಭಾರದ ವಿಷಯ ಎತ್ತಬೇಡಿ. ಬಸ್ ಎಷ್ಟೊತ್ತಿಗೆ, ಜೊತೆಗೆ ಯಾರು ಬರ್ತಾರೆ, ತಿಂಡಿ ತಿಂದ್ಯಾ, ಇಷ್ಟೇ. ಸಾಯುವ ಮಾತು ಬಂದಿದ್ದರೆ ಮಾತ್ರ ಬೆಲ್ ಲೆಕ್ಕಕ್ಕಿಲ್ಲ, ಒಬ್ಬಳನ್ನೇ ಕಳಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡಿ. ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.